ತ್ಯಾಜ್ಯ ತೈಲವೂ ಶ್ರಾವಕನ ವಿವೇಕವೂ

ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಜೈನಾಚಾರ್ಯರು ಪ್ರಾಣಹಾನಿಯೊಂದನ್ನೇ ಹೇಳಿ ನಿಲ್ಲಿಸಲಿಲ್ಲ. ಅದಕ್ಕೆ ಮೊದಲು ಪ್ರಮಾದವನ್ನು ಇರಿಸಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಅಭಿಪ್ರಾಯದಂತೆ, ಎಚ್ಚರ ತಪ್ಪಿದ ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಜೀವಿಗಳ ಪ್ರಾಣಕ್ಕೆ ಆಗುವ ಘಾತವೇ ಹಿಂಸೆ. ಆದುದರಿಂದ ಕತ್ತಿ ಹಿಡಿದ ಕೈ ಮಾತ್ರವಲ್ಲ, ಅಲಕ್ಷ್ಯದಿಂದ ಪಾತ್ರೆಯನ್ನು ಬಗ್ಗಿಸಿದ ಕೈಯೂ ವಿಚಾರಣೆಗೆ ಒಳಪಡುತ್ತದೆ. ಈ ತತ್ತ್ವವನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಮನೆಯ ಅಂಗಳದಲ್ಲಿ, ನಿತ್ಯದ ಕೆಲಸವೊಂದರಲ್ಲಿ ಅದನ್ನು ಗುರುತಿಸುವುದು ಕಷ್ಟ. ಅಂತಹ ಒಂದು ಕೆಲಸವೆಂದರೆ ಸ್ವಂತ ಕಾರಿನ ಎಂಜಿನ್ ಆಯಿಲನ್ನು ಮನೆಯಲ್ಲಿಯೇ ಬದಲಿಸುವುದು.

ಪುತ್ತೂರಿನ ರೈಲು ನಿಲ್ದಾಣಕ್ಕೆ ತನ್ನ ಹೆಸರನ್ನೂ ಕೂಡಿಸಿಕೊಟ್ಟಿರುವ ಕಬಕವು ಮಾಣಿಯಿಂದ ಮೈಸೂರಿಗೆ ಸಾಗುವ ಹೆದ್ದಾರಿಯ ಮೇಲಿದೆ. ವಿಟ್ಲದ ರಸ್ತೆ ಕವಲೊಡೆಯುವುದು ಅಲ್ಲಿಯೇ. ಹೆದ್ದಾರಿಯಿಂದ ಒಳಗೆ ಹೋದರೆ ಅಡಿಕೆ ತೋಟಗಳು, ಅವುಗಳ ನಡುವೆ ದೂರ ದೂರದ ಮನೆಗಳು. ಬಸ್ಸಿನ ದಾರಿಗೂ ಮನೆಗೂ ಅಂತರವಿರುವ ಇಂತಹ ಸೀಮೆಯಲ್ಲಿ ವಾಹನವು ಆಡಂಬರವಲ್ಲ, ಅಗತ್ಯ. ತೋಟದ ಪಂಪು, ಔಷಧ ಸಿಂಪಡಿಸುವ ಯಂತ್ರಗಳನ್ನು ತಾವೇ ಬಿಚ್ಚಿ ಜೋಡಿಸಿ ಅಭ್ಯಾಸವುಳ್ಳ ಗೃಹಸ್ಥರು ಕಾರಿನ ಆಯಿಲನ್ನೂ ತಾವೇ ಬದಲಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಗುಣವೂ ಇದೆ. ಕೂಲಿ ಉಳಿಯುತ್ತದೆ, ಹಾಕಿದ ಆಯಿಲು ಯಾವುದೆಂಬುದು ತಿಳಿದಿರುತ್ತದೆ, ತಾನು ಬಳಸುವ ವಸ್ತುವಿನ ಹೊರೆಯನ್ನು ತಾನೇ ಹೊರುವ ಅಭ್ಯಾಸವಾಗುತ್ತದೆ. ಸ್ವಾವಲಂಬನೆಯು ಶ್ರಾವಕನಿಗೆ ಭೂಷಣವೇ.

ಕೆಲಸದ ಕ್ರಮವು ಕಠಿಣವಲ್ಲ. ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕು ಹಾಕಿ, ಚಕ್ರಗಳಿಗೆ ಅಡ್ಡ ಕೊಡಬೇಕು. ಬರಿಯ ಜಾಕಿಯನ್ನು ನಂಬಿ ಕಾರಿನ ಅಡಿಗೆ ಹೋಗುವುದು ಪ್ರಾಣಕ್ಕೆ ಅಪಾಯ. ಭದ್ರವಾದ ಸ್ಟ್ಯಾಂಡು ಇರಲೇಬೇಕು. ಎಂಜಿನ್ನನ್ನು ಕೆಲವು ನಿಮಿಷ ನಡೆಸಿ ನಿಲ್ಲಿಸಿದರೆ ಬೆಚ್ಚಗಾದ ಆಯಿಲು ಸರಾಗವಾಗಿ ಇಳಿಯುತ್ತದೆ. ತಳದ ಬೋಲ್ಟನ್ನು ಬಿಚ್ಚಿ ಅಗಲವಾದ ಪಾತ್ರೆಗೆ ಇಳಿಸಿ, ಹಳೆಯ ಫಿಲ್ಟರನ್ನು ತೆಗೆದು, ಹೊಸದರ ರಬ್ಬರಿನ ಅಂಚಿಗೆ ತುಸು ಹೊಸ ಆಯಿಲು ಸವರಿ ಕೈಯಿಂದಲೇ ಬಿಗಿಯಬೇಕು. ಬೋಲ್ಟಿಗೆ ಹೊಸ ವಾಷರು ಕೊಟ್ಟು ಬಿಗಿದು, ಕೈಪಿಡಿಯಲ್ಲಿ ಹೇಳಿದ ಪ್ರಮಾಣದಷ್ಟು ತುಂಬಿ, ಅಳತೆಯ ಕಡ್ಡಿಯಿಂದ ಮಟ್ಟವನ್ನು ನೋಡಿ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡರೆ ಕೆಲಸ ಮುಗಿಯಿತು. ಕಾರನ್ನು ಕುರಿತ ಕೆಲಸವು ಮುಗಿಯಿತೆಂದು ಹೇಳಬೇಕು. ಧರ್ಮವನ್ನು ಕುರಿತ ಕೆಲಸವು ಆಗ ಪ್ರಾರಂಭವಾಗುತ್ತದೆ. ಏಕೆಂದರೆ ಪಾತ್ರೆಯಲ್ಲಿ ಸುಮಾರು ಮೂರು ಲೀಟರು ಕಪ್ಪು ತೈಲವು ಉಳಿದಿರುತ್ತದೆ.

ಈ ತೈಲವು ಸವೆದು ಹೋದುದಲ್ಲ, ಮಲಿನವಾದುದು. ಎಂಜಿನ್ನಿನ ಶಾಖದಲ್ಲಿ ಹರಿದಾಡಿದ ಅದರಲ್ಲಿ ಮಸಿ, ಅರೆಬೆಂದ ಇಂಧನದ ಅಂಶ, ಲೋಹದ ಸೂಕ್ಷ್ಮ ಕಣಗಳು, ತಯಾರಿಕೆಯಲ್ಲಿಯೇ ಸೇರಿಸಿದ ಸತುವಿನ ಸಂಯುಕ್ತಗಳು ಮತ್ತು ಕ್ಯಾನ್ಸರಿಗೆ ಕಾರಣವಾಗಬಲ್ಲ ಕೆಲವು ಹೈಡ್ರೋಕಾರ್ಬನ್ನುಗಳು ಕೂಡಿರುತ್ತವೆ. ದೀರ್ಘಕಾಲ ಪದೇ ಪದೇ ಚರ್ಮಕ್ಕೆ ತಾಗುವುದೂ ಹಿತವಲ್ಲ. ಒಂದು ಸಲ ಬದಲಿಸಿ ಚೆಲ್ಲಿದ ಆಯಿಲು ಹತ್ತು ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಜನರಿಗೆ ತಿಳಿವಳಿಕೆ ನೀಡುತ್ತ ಬಂದಿದೆ.

ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಕಬಕದ ಕಡೆಯ ಒಂದು ಶ್ರಾವಕರ ಮನೆ. ಭಾನುವಾರದ ಬೆಳಗು. ವೃದ್ಧೆಯಾದ ತಾಯಿ ಬಾವಿಕಟ್ಟೆಯಲ್ಲಿ ಎರಡು ಮಡಿಕೆ ಮಾಡಿದ ಬಟ್ಟೆಯಿಂದ ನೀರನ್ನು ಸೋಸುತ್ತಿದ್ದಾಳೆ. ಸೋಸಿದ ಬಳಿಕ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಅದರಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಮರಳಿಸುತ್ತಾಳೆ. ಅಂಗಳದಲ್ಲಿ ಕಾರಿನ ಕೆಲಸ ಮುಗಿಸಿದ ಮಗ ಪಾತ್ರೆಯನ್ನು ಎತ್ತಿಕೊಂಡು ತೋಟದ ಕಡೆಗೆ ನಡೆಯುತ್ತಾನೆ.

“ಅದನ್ನು ಎಲ್ಲಿಗೆ ಒಯ್ಯುತ್ತೀ ಮಗಾ?”

“ತೋಡಿನ ಬದಿಗೆ ಅಮ್ಮಾ. ಮೂರೇ ಲೀಟರು. ಮಣ್ಣು ಕುಡಿದುಬಿಡುತ್ತದೆ.”

“ಮಣ್ಣು ಕುಡಿದದ್ದನ್ನು ಬಾವಿ ಕುಡಿಯುವುದಿಲ್ಲವೇ?”

ಆ ತಾಯಿ ರಸಾಯನಶಾಸ್ತ್ರವನ್ನು ಓದಿದವಳಲ್ಲ. ಆದರೆ ಅವಳ ಪ್ರಶ್ನೆ ಶಾಸ್ತ್ರಸಮ್ಮತವಾದುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಸುರಿದದ್ದು ಸುರಿದಲ್ಲಿ ನಿಲ್ಲುವುದಿಲ್ಲ. ಮುರಕಲ್ಲಿನ ನೆಲವು ರಂಧ್ರಮಯ. ನೀರನ್ನು ಬೇಗನೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಇಳಿಯದೆ ಉಳಿದುದು ತೋಡಿಗೆ, ತೋಡಿನಿಂದ ಹೊಳೆಗೆ ಸೇರುತ್ತದೆ. ತೋಡಿನ ನೀರಿನ ಮೇಲೆ ತೈಲದ ತೆಳುವಾದ ಪೊರೆ ಹರಡಿದರೆ ನೀರಿಗೂ ಗಾಳಿಗೂ ಇರುವ ಸಂಬಂಧವು ಕುಂದುತ್ತದೆ. ನೀರಿನ ಮೇಲ್ಮೈಗೆ ಬಂದು ಉಸಿರಾಡುವ ಕೀಟಗಳು ಉಸಿರುಗಟ್ಟಿ ಸಾಯುತ್ತವೆ. ಸೊಳ್ಳೆಯ ಮರಿಗಳನ್ನು ಕೊಲ್ಲುವುದಕ್ಕೆ ನಿಂತ ನೀರಿಗೆ ಎಣ್ಣೆ ಸುರಿಯುತ್ತಿದ್ದ ಹಳೆಯ ಪದ್ಧತಿ ಈ ಗುಣವನ್ನೇ ಆಶ್ರಯಿಸಿದುದು. ಹನಿ ನೀರಿನಲ್ಲಿರುವ ಜೀವವನ್ನು ಬಟ್ಟೆಯಿಂದ ಎತ್ತಿ ಬಾವಿಗೆ ಮರಳಿಸುವ ಮನೆಯೇ, ಅದೇ ಬಾವಿಯ ಒರತೆಗೆ ವಿಷವನ್ನು ಬಿಟ್ಟರೆ ಆ ಬಟ್ಟೆಗೆ ಏನು ಅರ್ಥ ಉಳಿಯಿತು? ಬಾಯಿಯಿಂದ ನಡೆಸಿದ ವ್ರತವನ್ನು ಕೈಯಿಂದ ಅಳಿಸಿದಂತಾಗಲಿಲ್ಲವೇ?

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಸಂಸಾರಿಗೆ ಆರಂಭೀ ಹಿಂಸೆಯು ತಪ್ಪಿದ್ದಲ್ಲ. ಒಲೆ ಉರಿಸಿದರೂ, ನೆಲ ಅಗೆದರೂ, ವಾಹನ ಓಡಿಸಿದರೂ ಜೀವಹಾನಿಯಾಗುತ್ತದೆ. ಶ್ರಾವಕನ ಅಣುವ್ರತವು ಸಂಕಲ್ಪೀ ಹಿಂಸೆಯ ತ್ಯಾಗವನ್ನು ಮುಖ್ಯವಾಗಿ ವಿಧಿಸುತ್ತದೆ. ಕೊಲ್ಲುವ ಸಂಕಲ್ಪವಿಲ್ಲದೆ ತೈಲವನ್ನು ಚೆಲ್ಲಿದವನಿಗೆ ದೋಷವೆಲ್ಲಿಂದ? ಈ ಆಕ್ಷೇಪವು ದುರ್ಬಲವಾದುದಲ್ಲ, ಆದರೆ ಅಪೂರ್ಣವಾದುದು. ಅಣುವ್ರತಗಳಿಗೆ ಬಲ ಕೊಡುವ ಗುಣವ್ರತಗಳಲ್ಲಿ ಅನರ್ಥದಂಡವಿರತಿಯನ್ನು ಆಚಾರ್ಯರು ಹೇಳಿರುವುದು ಈ ಎಡೆಯನ್ನು ಮುಚ್ಚುವುದಕ್ಕಾಗಿಯೇ. ಸಮಂತಭದ್ರ ಆಚಾರ್ಯರ ರತ್ನಕರಂಡ ಶ್ರಾವಕಾಚಾರವು ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸುತ್ತದೆ. ಪ್ರಯೋಜನವಿಲ್ಲದೆ ಭೂಮಿ, ನೀರು, ಬೆಂಕಿ, ಗಾಳಿ, ಗಿಡಗಳಿಗೆ ಬಾಧೆ ಕೊಡುವುದೇ ಪ್ರಮಾದಚರ್ಯೆ. ಎಂಜಿನ್ನಿನಿಂದ ಹಳೆಯ ಆಯಿಲನ್ನು ತೆಗೆಯುವುದಕ್ಕೆ ಪ್ರಯೋಜನವುಂಟು. ಅದನ್ನು ತೋಡಿಗೆ ಸುರಿಯುವುದಕ್ಕೆ ಯಾವ ಪ್ರಯೋಜನವೂ ಇಲ್ಲ, ನಾಲ್ಕು ಹೆಜ್ಜೆಯ ಶ್ರಮ ಉಳಿಯುವುದೊಂದನ್ನು ಬಿಟ್ಟು. ಕೈಪಿಡಿಯು 10,000 ಕಿ.ಮೀ.ಗೆ ಹೇಳಿರುವುದನ್ನು ಬರಿಯ ತೃಪ್ತಿಗಾಗಿ 3,000 ಕಿ.ಮೀ.ಗೆ ಬದಲಿಸುವುದೂ ಇದೇ ವರ್ಗಕ್ಕೆ ಸೇರುತ್ತದೆ.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ಜಂತುರಹಿತವಾದ ಸ್ಥಾನವನ್ನು ನೋಡಿಯೇ ವಿಸರ್ಜಿಸಬೇಕೆಂಬುದು ಅದರ ಆಶಯ. ಸ್ವೀಕರಿಸುವುದಕ್ಕೆ ಏಷಣಾ ಸಮಿತಿಯಿರುವಂತೆ ಬಿಡುವುದಕ್ಕೂ ಒಂದು ಸಮಿತಿಯನ್ನು ವಿಧಿಸಿದುದು ಗಮನಾರ್ಹ. ಪದಾರ್ಥವು ಕೈಯಿಂದ ಜಾರಿದೊಡನೆ ಹೊಣೆಯೂ ಜಾರುವುದಿಲ್ಲ. ಸಮಿತಿಗಳು ಮುನಿಧರ್ಮವಾದರೂ ಗೃಹಸ್ಥನು ತನ್ನ ಶಕ್ತಿಗೆ ತಕ್ಕಂತೆ ಅವುಗಳನ್ನು ಅನುಸರಿಸಬಾರದೆಂದು ಯಾರೂ ಹೇಳಿಲ್ಲ. ಮುನಿಗಳ ದೇಹದಿಂದ ಹೊರಬೀಳುವುದು ಮಣ್ಣಿನಲ್ಲಿ ಬೇಗ ಕರಗುತ್ತದೆ. ಗೃಹಸ್ಥನ ಕಾರಿನಿಂದ ಹೊರಬೀಳುವುದು ಹಾಗೆ ಕರಗದು. ಹೀಗಿರುವಲ್ಲಿ ಹೆಚ್ಚಿನ ಎಚ್ಚರ ಯಾರಿಗೆ ಬೇಕು?

ತೋಟಗಾರರ ಸೀಮೆಯಲ್ಲಿ ಇನ್ನೊಂದು ವಾಡಿಕೆಯಿದೆ. ಹಳೆಯ ಆಯಿಲನ್ನು ಬೇಲಿಯ ಕಂಬಕ್ಕೂ ಕೊಟ್ಟಿಗೆಯ ಮರಕ್ಕೂ ಗೆದ್ದಲು ಹಿಡಿಯದಂತೆ ಬಳಿಯುತ್ತಾರೆ. ಚೆಲ್ಲುವುದಕ್ಕಿಂತ ಇದು ಲೇಸೆಂದು ತೋರುತ್ತದೆ. ಆದರೆ ಚೆಲ್ಲುವವನಲ್ಲಿ ಇದ್ದುದು ಪ್ರಮಾದ ಮಾತ್ರ. ಬಳಿಯುವವನಲ್ಲಿ ತ್ರೀಂದ್ರಿಯ ಜೀವಿಯಾದ ಗೆದ್ದಲನ್ನು ದೂರವಿರಿಸುವ, ಬಂದರೆ ಅಳಿಸುವ ಉದ್ದೇಶವೂ ಕೂಡಿದೆ. ಮರವನ್ನು ಉಳಿಸಿಕೊಳ್ಳುವುದು ಗೃಹಸ್ಥನ ಪ್ರಯೋಜನವೆಂದು ಒಪ್ಪಿದರೂ, ಮಳೆಗೆ ತೊಳೆದು ಮಣ್ಣಿಗಿಳಿಯುವ ತೈಲವು ಅದಕ್ಕೆ ತಕ್ಕ ಸಾಧನವಲ್ಲ. ಕಲ್ಲಿನ ಕಂಬ, ನೆಲಕ್ಕೆ ತಾಗದಂತೆ ಕಾಂಕ್ರೀಟಿನ ಪೀಠ ಮೊದಲಾದ ಉಪಾಯಗಳಿರುವಾಗ ಅವುಗಳನ್ನು ಮೊದಲು ನೋಡುವುದು ವಿವೇಕ. ಒಲೆಗೋ ಗೂಡಿಗೋ ಹಾಕಿ ಉರಿಸುವುದರಿಂದಲೂ ಲೋಹದ ಅಂಶವು ಹೊಗೆಯಾಗಿ ಹರಡುವುದೇ ಹೊರತು ನಾಶವಾಗದು.

ಹಾಗಾದರೆ ಗ್ಯಾರೇಜಿಗೆ ಕೊಟ್ಟು ಕೈ ತೊಳೆದುಕೊಳ್ಳುವುದೇ ನಿರ್ದೋಷವೆಂದು ಕೆಲವರು ತಿಳಿಯಬಹುದು. ಜೈನಧರ್ಮದಲ್ಲಿ ಈ ಲೆಕ್ಕವೂ ನಿಲ್ಲದು. ಕೃತ, ಕಾರಿತ, ಅನುಮೋದಿತ ಎಂದು ಕರ್ಮವು ಮೂರು ಬಾಗಿಲುಗಳಿಂದ ಪ್ರವೇಶಿಸುತ್ತದೆ. ಗ್ಯಾರೇಜಿನ ಹಿಂದಿನ ಚರಂಡಿಯು ಕಪ್ಪಾಗಿರುವುದನ್ನು ಕಂಡೂ ಕಾಣದಂತೆ ಹಣ ಕೊಟ್ಟು ಹೊರಡುವವನು ಆ ಚರಂಡಿಯ ಪಾಲುದಾರನೇ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ತನ್ನ ಖಾತೆಯ ಖರ್ಚನ್ನು ನೆರೆಯವನ ಖಾತೆಗೆ ಬರೆದು ಲಾಭವನ್ನು ತೋರಿಸಿದಂತೆ. ಪುಸ್ತಕವು ತಾಳೆಯಾದೀತು, ಆದರೆ ಲೆಕ್ಕವು ಸತ್ಯವಾಗದು. ಕೆಳಗಿನ ಮನೆಯ ಬಾವಿ, ಮುಂದಿನ ಊರಿನ ಹೊಳೆ, ಇನ್ನೂ ಹುಟ್ಟದ ಮಕ್ಕಳು ಆ ಬಾಕಿಯನ್ನು ತೀರಿಸುತ್ತಾರೆ.

ಮಾರಾಟದ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಆಯಿಲಿಗೆ ಬೆಲೆಯಿದೆ. ಮನೆಬಾಗಿಲಿಗೆ ಬಂದು ಕೊಳ್ಳುವವರೂ ಇರುತ್ತಾರೆ. ಅದನ್ನು ಬರಿದೆ ಸೋಸಿ, ಬಣ್ಣ ತಿಳಿಯಾಗಿಸಿ ಹೊಸ ಡಬ್ಬಿಯಲ್ಲಿ ಮಾರುವ ವಂಚನೆಗೆ ಅದು ಕಚ್ಚಾ ಸಾಮಗ್ರಿಯಾಗಬಾರದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ, ಎಂದರೆ ಕಲಬೆರಕೆಯ ವ್ಯಾಪಾರವೂ ಒಂದು. ರಾಜ್ಯದ ನಿಯಮವನ್ನು ಮೀರಿ ನಡೆಯುವುದು ಇನ್ನೊಂದು. 2016ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ತೈಲವು ಅಪಾಯಕಾರಿ ತ್ಯಾಜ್ಯ. 2023ರ ತಿದ್ದುಪಡಿಯಿಂದಾಗಿ, 2024ರ ಏಪ್ರಿಲ್ 1ರಿಂದ ತೈಲದ ಉತ್ಪಾದಕರಿಗೂ ಅದರ ಮರುಬಳಕೆಯ ಹೊಣೆಯನ್ನು ವಿಧಿಸಲಾಗಿದೆ. ಆದುದರಿಂದ ಹೆಚ್ಚು ಬೆಲೆ ಕೊಡುವವನಿಗಿಂತ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯುಳ್ಳ ಘಟಕಕ್ಕೆ ತಲುಪಿಸುವವನೇ ಯೋಗ್ಯನಾದ ಗ್ರಾಹಕ. ವಿಧಿವತ್ತಾಗಿ ಶುದ್ಧೀಕರಿಸಿದರೆ ಹಳೆಯ ಆಯಿಲು ಮತ್ತೆ ಉತ್ತಮ ಆಯಿಲಾಗುತ್ತದೆ. ಒಂದು ಗ್ಯಾಲನ್ ಹಳೆಯ ತೈಲದಿಂದ ಪಡೆಯುವಷ್ಟು ಎಂಜಿನ್ ಆಯಿಲಿಗೆ ನೆಲದಿಂದ ತೆಗೆದ ಕಚ್ಚಾತೈಲವು 42 ಗ್ಯಾಲನ್ ಬೇಕು. ಮಲಿನವಾದ ಆತ್ಮವೂ ತನ್ನ ಸ್ವಭಾವವನ್ನು ಕಳೆದುಕೊಂಡಿರುವುದಿಲ್ಲ, ಕಲ್ಮಷ ಕಳೆದರೆ ತನ್ನ ಸ್ವಾಭಾವಿಕ ಶುದ್ಧಿಯನ್ನು ಹೊಂದುತ್ತದೆ ಎಂದು ಬೋಧಿಸುವ ಧರ್ಮದವರಿಗೆ ಈ ದೃಷ್ಟಾಂತವು ಸುಲಭವಾಗಿ ತಿಳಿಯಬೇಕು.

ಮನೆಯಲ್ಲಿ ಮಾಡಬೇಕಾದುದು ಇಷ್ಟೇ. ಇಳಿಸಿದ ಆಯಿಲನ್ನು ಆಲಿಕೆಯಿಂದ ಗಟ್ಟಿಮುಚ್ಚಳದ ಕ್ಯಾನಿಗೆ ತುಂಬಿ ಹೆಸರು ಬರೆದಿಡಬೇಕು. ನೀರು, ಪೆಟ್ರೋಲು, ಸೀಮೆಎಣ್ಣೆ, ರೇಡಿಯೇಟರಿನ ದ್ರವಗಳನ್ನು ಅದಕ್ಕೆ ಬೆರೆಸಬಾರದು. ಬೆರೆಸಿದರೆ ಶುದ್ಧೀಕರಣಕ್ಕೆ ಒದಗದು. ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಉಳಿದ ತೈಲವನ್ನೂ ಇಳಿಸಬೇಕು. ಚೆಲ್ಲಿದ ಹನಿಗಳಿಗೆ ಮರದ ಹೊಟ್ಟು ಹಾಕಿ ಗುಡಿಸಿ ತೆಗೆಯಬೇಕು, ನೀರು ಹಾಕಿ ತೊಳೆಯಬಾರದು. ತೆರೆದ ಪಾತ್ರೆಯನ್ನು ರಾತ್ರಿ ಹಾಗೆಯೇ ಬಿಟ್ಟರೆ ಹುಳಹುಪ್ಪಟೆಗಳು ಬಿದ್ದು ಸಾಯುತ್ತವೆ. ದೀಪವನ್ನೂ ಮುಚ್ಚಿಡಬೇಕೆಂದು ಕಲಿಸಿದ ಹಿರಿಯರ ಮನೆಗಳಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಆದರೆ ಮೂರು ಲೀಟರಿಗಾಗಿ ಅಧಿಕೃತ ಸಂಗ್ರಹಕಾರನು ಕಬಕದ ಒಳದಾರಿಗೆ ಬರುವನೇ? ಬರಲಾರ. ಇಲ್ಲಿಯೇ ಒಬ್ಬನ ಶಕ್ತಿಯು ಮುಗಿದು ಸಂಘದ ಕರ್ತವ್ಯವು ಆರಂಭವಾಗುತ್ತದೆ. ಬಸದಿಯ ಆಡಳಿತ ಮಂಡಳಿಗಳಿಗೂ ಜನರೇಟರುಗಳಿವೆ, ವಾಹನಗಳಿವೆ. 2024ರ ಫೆಬ್ರವರಿಯಲ್ಲಿ ವೇಣೂರಿನಲ್ಲಿ ನಡೆದ ಮಹಾಮಸ್ತಕಾಭಿಷೇಕದಂತಹ ಉತ್ಸವಗಳಿಗೆ ಸಾವಿರಾರು ವಾಹನಗಳು ಬರುತ್ತವೆ. ಪ್ರತಿಯೊಂದು ಟ್ರಸ್ಟು ತನ್ನ ವಾಹನ ನಿಲ್ಲಿಸುವ ಕಡೆ, ಬಾವಿಯಿಂದಲೂ ಬಸದಿಯಿಂದಲೂ ದೂರದಲ್ಲಿ, ಮಾಡಿನ ಅಡಿಯಲ್ಲಿ ಒಂದು ಭದ್ರವಾದ ಪೀಪಾಯಿಯನ್ನಿರಿಸಿ, ಸುತ್ತಲಿನ ಮನೆಗಳ ಕ್ಯಾನುಗಳನ್ನು ಸ್ವೀಕರಿಸಿ, ತುಂಬಿದಾಗ ಅಧಿಕೃತ ಘಟಕಕ್ಕೆ ರಸೀದಿಯೊಡನೆ ಕಳುಹಿಸಿದರೆ ಅದೂ ಒಂದು ಅಭಯದಾನವೇ. ಅದಕ್ಕೆ ಜಾತಿಮತಗಳ ಭೇದವೂ ಬೇಡ. ಹರಿಯುವ ನೀರಿಗೆ ಅಂತಹ ಭೇದವಿಲ್ಲ.

ಕಲ್ಪಿತ ಸಂದರ್ಭದ ಆ ಮಗನು ತೋಡಿನ ದಾರಿಯಿಂದ ಹಿಂದಿರುಗಿ, ಪಾತ್ರೆಯನ್ನು ಕ್ಯಾನಿಗೆ ಬಗ್ಗಿಸಿ, ಮುಚ್ಚಳವನ್ನು ಬಿಗಿದನೆಂದು ತಿಳಿಯೋಣ. ಆ ದಿನ ಅವನು ಉಪವಾಸ ಮಾಡಲಿಲ್ಲ, ಅಭಿಷೇಕಕ್ಕೆ ಹೋಗಲಿಲ್ಲ. ಆದರೂ ಬಾವಿಕಟ್ಟೆಯ ಮೇಲೆ ಒಣಗುತ್ತಿದ್ದ ತಾಯಿಯ ಬಟ್ಟೆಗೂ ಶೆಡ್ಡಿನ ಮೂಲೆಯಲ್ಲಿ ನಿಂತ ಕ್ಯಾನಿಗೂ ವ್ರತವು ಒಂದೇ ಆಯಿತು. ಅಹಿಂಸೆಯು ಪರಮಧರ್ಮವೆಂಬ ಮಾತು ಮನೆಮನೆಯಲ್ಲಿ ಉಳಿಯಬೇಕಾದರೆ ಅದು ಇಂತಹ ಮೂಲೆಗಳಲ್ಲಿಯೇ ಉಳಿಯಬೇಕು.