ಪದವಿಯ ಜೊತೆಗೆ ಬರುವ ಗೌರವ

'ಆನರ್ಸ್' ಎಂಬ ಪದ ಈಗ ನಮ್ಮ ಮನೆಗಳಿಗೆ ಅಪರಿಚಿತವಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಪ್ರಕಾರ ನಮ್ಮ ರಾಜ್ಯದ ಕಾಲೇಜುಗಳಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಆರಂಭವಾಯಿತು. 2024ರಲ್ಲಿ ಸರಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಪದ್ಧತಿ ಬಂದು ಹೋಯಿತು, ಪದ ಮಾತ್ರ ಉಳಿದುಕೊಂಡಿತು. ಅದರ ಅರ್ಥ ಗೌರವ, ಮರ್ಯಾದೆ. ಮರ್ಯಾದೆ ಎಂಬುದು ನಾವು ಕೇಳಿ ಪಡೆಯುವಂಥದ್ದಲ್ಲ, ಇತರರು ತಾವಾಗಿ ಕೊಡುವಂಥದ್ದು ಎಂದು ಹಿರಿಯರು ನಮಗೆ ಹೇಳಿಕೊಟ್ಟಿದ್ದಾರೆ. ವಿಶ್ವವಿದ್ಯಾನಿಲಯದಲ್ಲಾದರೋ ಅದಕ್ಕೆ ಅರ್ಜಿ ಹಾಕಬೇಕು, ಲೆಕ್ಕ ಇಡಬೇಕು, ಒಂದೊಂದೇ ಕ್ರೆಡಿಟ್ಟಾಗಿ ಕೂಡಿಹಾಕಬೇಕು. ಹೀಗೆ ಲೆಕ್ಕ ಹಾಕಿ ಸಂಪಾದಿಸಿದ್ದು ಗೌರವವೇ? ಅದನ್ನು ಬಯಸುವುದು ಸರಿಯೇ?

ಈ ಪ್ರಶ್ನೆಯನ್ನು ಅಮೇರಿಕದ ವಿಶ್ವವಿದ್ಯಾನಿಲಯಗಳ ಉದಾಹರಣೆಯಿಂದಲೇ ನೋಡೋಣ. ಏಕೆಂದರೆ ಅಲ್ಲಿ ಈ ಲೆಕ್ಕಾಚಾರ ಅತ್ಯಂತ ವಿಸ್ತಾರವಾಗಿ ಬೆಳೆದಿದೆ. ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ಅದೇ ಲೆಕ್ಕಾಚಾರದೊಳಗೆ ಓದುತ್ತಿದ್ದಾರೆ.

ಅಲ್ಲಿ ಆನರ್ಸ್ ಎಂಬುದು ಒಂದಲ್ಲ, ಕನಿಷ್ಠ ಮೂರು. ಮೊದಲನೆಯದು ಲ್ಯಾಟಿನ್ ಹೆಸರಿನ ಗೌರವ. ಪದವಿಪತ್ರದಲ್ಲಿ 'ಕಮ್ ಲಾಡೆ', 'ಮ್ಯಾಗ್ನ ಕಮ್ ಲಾಡೆ', 'ಸುಮ್ಮ ಕಮ್ ಲಾಡೆ' ಎಂದು ಬರೆದಿರುತ್ತದೆ. ಪ್ರಶಂಸೆಯೊಂದಿಗೆ, ಮಹಾ ಪ್ರಶಂಸೆಯೊಂದಿಗೆ, ಪರಮ ಪ್ರಶಂಸೆಯೊಂದಿಗೆ ಎಂದು ಅರ್ಥ. ಹೆಚ್ಚಿನ ಕಡೆ ಇದು ನಿರ್ಧಾರವಾಗುವುದು ಎಲ್ಲ ಪಾಠಗಳ ಗ್ರೇಡುಗಳ ಸರಾಸರಿಯಿಂದ, ಅಂದರೆ ಜಿ.ಪಿ.ಎ.ಯಿಂದ. ಎರಡನೆಯದು ವಿಭಾಗದ ಗೌರವ. ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ಒಬ್ಬ ಅಧ್ಯಾಪಕರ ಮಾರ್ಗದರ್ಶನದಲ್ಲಿ ತನ್ನದೇ ಒಂದು ಪ್ರಶ್ನೆಯನ್ನು ಹಿಡಿದು ಪ್ರಬಂಧ ಬರೆಯುತ್ತಾನೆ. ಮೂರನೆಯದು ಆನರ್ಸ್ ಕಾರ್ಯಕ್ರಮ. ಸಾಮಾನ್ಯ ಪದವಿಗೆ ಬೇಕಾದ ಸುಮಾರು 120 ಕ್ರೆಡಿಟ್‌ಗಳಲ್ಲಿ ಇಂತಿಷ್ಟು ಆನರ್ಸ್ ಕ್ರೆಡಿಟ್‌ಗಳಾಗಿರಬೇಕು ಎಂಬ ನಿಯಮ ಅದರದು. ಆನರ್ಸ್ ತರಗತಿ ಇಲ್ಲದ ವಿಷಯದಲ್ಲೂ ಕ್ರೆಡಿಟ್ ಗಳಿಸಲು ಹಲವೆಡೆ ಒಂದು ದಾರಿಯಿದೆ. ವಿದ್ಯಾರ್ಥಿ ಅಧ್ಯಾಪಕರೊಂದಿಗೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ಸೆಮಿಸ್ಟರಿನ ಆರಂಭದಲ್ಲೇ ಇಂಥ ಹೆಚ್ಚುವರಿ ಕೆಲಸ ಮಾಡುತ್ತೇನೆಂದು ಬರೆದು ಸಹಿ ಹಾಕುತ್ತಾನೆ. ಸೆಮಿಸ್ಟರ್ ಮುಗಿದಾಗ ಅದನ್ನು ಪೂರೈಸಿದ್ದರೆ ಆ ಪಾಠ ಆನರ್ಸ್ ಪಾಠವೆಂದು ದಾಖಲಾಗುತ್ತದೆ.

ಈ ಒಪ್ಪಂದದ ವಿಧಾನ ನನಗೆ ವೈಯಕ್ತಿಕವಾಗಿ ಬಹಳ ಹಿಡಿಸಿದೆ. ಕಡ್ಡಾಯವಿಲ್ಲದ ಹೊರೆಯನ್ನು ತಾನಾಗಿ ಹೊತ್ತುಕೊಳ್ಳುವುದು, ಹೊತ್ತ ಮೇಲೆ ಮಾತು ಉಳಿಸಿಕೊಳ್ಳುವುದು ಸಣ್ಣ ಗುಣವೇನೂ ಅಲ್ಲ.

ಈಗ ತೊಡಕು ಎಲ್ಲಿದೆ ನೋಡಿ. ಮೊದಲನೆಯ ಬಗೆಯ ಗೌರವ ಗ್ರೇಡನ್ನು ನೋಡುತ್ತದೆ, ಉಳಿದ ಎರಡು ಕೆಲಸವನ್ನು ನೋಡುತ್ತವೆ. ಒಂದೇ ಹೆಸರಿನ ಇವು ಕೆಲವೊಮ್ಮೆ ಪರಸ್ಪರ ವೈರಿಗಳಾಗುತ್ತವೆ. ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಅವಳು ಜೀವಶಾಸ್ತ್ರ ಓದುತ್ತಿದ್ದಾಳೆ. ರೋಗ ಹರಡುವ ಬಗೆಯನ್ನು ಅರಿಯಬೇಕಾದರೆ ಗಣಿತ ಬೇಕು ಎಂದು ಅವಳಿಗೆ ಮನದಟ್ಟಾಗಿದೆ. ಆದರೆ ಆ ಗಣಿತದ ಪಾಠ ಕಠಿಣ, ಅದರಲ್ಲಿ 'ಎ' ಸಿಗುವುದು ಅನುಮಾನ. 'ಬಿ' ಬಂದರೆ ಅವಳ ಸರಾಸರಿ ಕುಸಿದು ಪದವಿಪತ್ರದ ಪ್ರಶಂಸೆ ತಪ್ಪಿಹೋಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೋಣೆಯಲ್ಲಿ ಒಂದು ಸುಲಭದ ಪಾಠ ನಡೆಯುತ್ತಿದೆ. ಅದರಲ್ಲಿ ಕಲಿಯುವುದೇನೂ ಇಲ್ಲ, 'ಎ' ಮಾತ್ರ ಖಚಿತ. ಅವಳು ಯಾವ ಬಾಗಿಲನ್ನು ತಟ್ಟಬೇಕು?

ಇಲ್ಲಿ ಯಾರೂ ನಕಲು ಹೊಡೆಯುತ್ತಿಲ್ಲ, ಸುಳ್ಳು ಹೇಳುತ್ತಿಲ್ಲ. ಎರಡೂ ಪಾಠಗಳು ನಿಯಮಬದ್ಧ. ಆದರೂ ಸುಲಭದ ಬಾಗಿಲನ್ನು ಆಯ್ದುಕೊಂಡವಳು 'ಗೌರವದೊಂದಿಗೆ' ಹೊರಬರುತ್ತಾಳೆ, ಕಠಿಣವಾದುದನ್ನು ಆಯ್ದುಕೊಂಡವಳು ಬರಿಯ ಪದವಿಯೊಂದಿಗೆ. ಗೌರವ ಎಂಬ ಪದ ಇಲ್ಲಿ ತನ್ನ ಅರ್ಥಕ್ಕೇ ತಿರುಗಿಬಿದ್ದಿದೆಯಲ್ಲವೇ?

ಗ್ರೇಡಿನ ಗೌರವಕ್ಕೆ ಇನ್ನೊಂದು ರೋಗವೂ ಇದೆ. ಹಂಚಿದಷ್ಟೂ ಅದು ಕರಗುತ್ತದೆ. 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪದವೀಧರರಲ್ಲಿ ನೂರಕ್ಕೆ 91 ಮಂದಿ ಆನರ್ಸ್ ಪಡೆದಿದ್ದರೆಂಬುದು ಪತ್ರಿಕೆಯಲ್ಲಿ ಪ್ರಕಟವಾಗಿ ದೊಡ್ಡ ಚರ್ಚೆಯಾಯಿತು. ಗೌರವ ಸಿಗದ ಒಂಬತ್ತು ಮಂದಿಯೇ ವಿಶೇಷ ವ್ಯಕ್ತಿಗಳಾದಂತಾಯಿತು! 2002ರಲ್ಲಿ ಅಲ್ಲಿನ ಅಧ್ಯಾಪಕರು ಅದನ್ನು ನೂರಕ್ಕೆ 60ಕ್ಕಿಂತ ಮೇಲೆ ಹೋಗದಂತೆ ಕಟ್ಟಿಹಾಕಲು ತೀರ್ಮಾನಿಸಿದರು. ಆದರೆ ಮಿತಿ ಹಾಕಿದರೂ ಒಂದು ಮಾತು ಉಳಿಯುತ್ತದೆ. ಅರವತ್ತರೊಳಗೆ ನಾನು ಸೇರಬೇಕಾದರೆ ಇನ್ನೊಬ್ಬ ಹೊರಗುಳಿಯಬೇಕು. ಜ್ಞಾನದ ಸ್ವಭಾವ ಹಾಗಲ್ಲ. ನಾನು ಕಲಿತದ್ದನ್ನು ನನ್ನ ಸಹಪಾಠಿಗೂ ಹೇಳಿಕೊಟ್ಟರೆ ನನ್ನದು ಕಡಿಮೆಯಾಗುವುದಿಲ್ಲ.

ಹಾಗಾದರೆ ಇದೆಲ್ಲ ಬರಿಯ ತೋರಿಕೆ, ಪ್ರಾಪಂಚಿಕ ವ್ಯಾಮೋಹ, ನಮಗೆ ಬೇಡ ಎಂದುಬಿಡೋಣವೇ? ನಮ್ಮ ಕೆಲವು ಸಹೋದರರು ಹೀಗೆ ಹೇಳುವುದನ್ನು ಕೇಳಿದ್ದೇನೆ. ವಿದ್ವಾಂಸನೆಂದು ಜನ ಕರೆಯಲಿ ಎಂದೇ ಕಲಿತವನ ಗತಿಯನ್ನು ತಿಳಿಸುವ ಪ್ರಸಿದ್ಧ ಹದೀಸನ್ನು ಅವರು ನೆನಪಿಸುತ್ತಾರೆ. ಆ ಎಚ್ಚರಿಕೆ ಸತ್ಯ. ಆದರೆ ಅದನ್ನು ನಮ್ಮ ಸ್ವಂತ ಮನಸ್ಸಿಗೆ ಹೇಳಿಕೊಳ್ಳಬೇಕೇ ಹೊರತು ಪಕ್ಕದ ಮನೆಯ ಹುಡುಗಿಯ ಪದಕವನ್ನು ನೋಡಿ ಅಲ್ಲ. ಇನ್ನೊಬ್ಬರ ಸಂಕಲ್ಪ ನಮಗೆ ಕಾಣುವುದಿಲ್ಲ. ಅಲ್ಲದೆ ಒಳಿತುಗಳಲ್ಲಿ ಪರಸ್ಪರ ಮುಂದಾಗಲು ಕುರ್‌ಆನ್ ಸ್ವತಃ ಕರೆಕೊಡುತ್ತದೆ. ಮೊತ್ತಮೊದಲ ಬಾರಿ ಕಾಲೇಜಿನ ಮೆಟ್ಟಿಲು ಹತ್ತಿದ ಬಡ ಮನೆಯ ಮಗಳಿಗೆ ಆ ಲ್ಯಾಟಿನ್ ಪದಗಳು ಅಲಂಕಾರವಲ್ಲ. ಅವಳ ಪರವಾಗಿ ಫೋನ್ ಮಾಡಿ ಹೇಳುವ ಮಾವಂದಿರು ಯಾವ ಕಚೇರಿಯಲ್ಲೂ ಇಲ್ಲ. ಅವಳ ಪರವಾಗಿ ಮಾತನಾಡುವುದು ಆ ಕಾಗದ ಒಂದೇ. ಹೊಟ್ಟೆ ತುಂಬಿದವರು ಅವಳಿಗೆ ವೈರಾಗ್ಯ ಬೋಧಿಸುವುದು ಚೆನ್ನಲ್ಲ.

ಈ ವಿಷಯದಲ್ಲಿ ಇಮಾಮ್ ಗಝ್ಝಾಲಿಯವರ(ರ) ಬದುಕಿಗಿಂತ ಮಿಗಿಲಾದ ಪಾಠ ನನಗೆ ತಿಳಿದಿಲ್ಲ. 1091ರಲ್ಲಿ ಮಂತ್ರಿ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯಾ ವಿದ್ಯಾಲಯಕ್ಕೆ ನೇಮಿಸಿದಾಗ ಅವರಿಗೆ ಸುಮಾರು 33 ವರ್ಷ. ಅಂದಿನ ಲೋಕದಲ್ಲಿ ಒಬ್ಬ ಅಧ್ಯಾಪಕನಿಗೆ ಅದಕ್ಕಿಂತ ಎತ್ತರದ ಪೀಠ ಇರಲಿಲ್ಲ ಎನ್ನಬಹುದು. ಮುನ್ನೂರು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆನೆಂದು ಅವರೇ ತಮ್ಮ 'ಅಲ್ ಮುನ್ಕಿದ್ ಮಿನ ದ್ದಲಾಲ್' ಗ್ರಂಥದಲ್ಲಿ ತಿಳಿಸಿದ್ದಾರೆ. ಆ ಪೀಠದಲ್ಲಿ ಕುಳಿತು ಅವರು ತಮ್ಮ ಸಂಕಲ್ಪವನ್ನು ಪರೀಕ್ಷಿಸಿದರು. ತಮ್ಮನ್ನು ನಡೆಸುತ್ತಿರುವುದು ಸ್ಥಾನಮಾನ ಮತ್ತು ಕೀರ್ತಿಯ ಆಸೆ ಎಂದು ಅವರಿಗೆ ಕಂಡುಬಂತು. ಸುಮಾರು ಆರು ತಿಂಗಳು ಬಿಡಲೂ ಆಗದೆ ಇರಲೂ ಆಗದೆ ತೊಳಲಾಡಿದರು. ಕೊನೆಗೆ ನಾಲಗೆಯೇ ಕಟ್ಟಿಹೋಗಿ ಪಾಠ ಹೇಳಲಾಗದ ಸ್ಥಿತಿ ಬಂತು. ವೈದ್ಯರು ಕೈಚೆಲ್ಲಿದರು. 1095ರಲ್ಲಿ ಅವರು ಬಗ್ದಾದನ್ನು ತೊರೆದು ಹೊರಟರು.

ಇಷ್ಟನ್ನು ಹಲವರು ಹೇಳುತ್ತಾರೆ. ಕಥೆಯ ಉತ್ತರಾರ್ಧವನ್ನು ಮಾತ್ರ ಮರೆಯುತ್ತಾರೆ. 1106ರಲ್ಲಿ ಅವರು ನಿಶಾಪುರದ ನಿಝಾಮಿಯಾದಲ್ಲಿ ಮತ್ತೆ ಪಾಠ ಹೇಳಲು ಒಪ್ಪಿಕೊಂಡರು. ಅದೇ ಬಗೆಯ ವಿದ್ಯಾಲಯ, ಅದೇ ಬಗೆಯ ಪೀಠ. ಜ್ಞಾನ ಪ್ರಸಾರಕ್ಕೆ ಮರಳಿದರೂ ತಾವು ಮೊದಲಿನವರಾಗಿ ಮರಳಿಲ್ಲ, ಅಂದು ಸ್ಥಾನ ಗಳಿಸಿಕೊಡುವ ಜ್ಞಾನವನ್ನು ಕಲಿಸುತ್ತಿದ್ದೆ, ಈಗ ಸ್ಥಾನವನ್ನು ಬಿಡಿಸುವ ಜ್ಞಾನದ ಕಡೆಗೆ ಕರೆಯುತ್ತೇನೆ ಎಂಬರ್ಥದ ವಿವರಣೆಯನ್ನು ಅವರು ಕೊಟ್ಟಿದ್ದಾರೆ. ಪೀಠವೇ ಕೆಟ್ಟದ್ದೆಂದು ಅವರು ತೀರ್ಪು ನೀಡಲಿಲ್ಲ. ತಾನು ಪೀಠವನ್ನು ಹಿಡಿದಿದ್ದೇನೆಯೇ ಅಥವಾ ಪೀಠ ತನ್ನನ್ನು ಹಿಡಿದಿದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಬಿಟ್ಟು ನೋಡಿದ ಹೊರತು ಅದಕ್ಕೆ ಉತ್ತರ ಸಿಗುವಂತಿರಲಿಲ್ಲ.

ಪದವಿಯ ಗೌರವಕ್ಕೂ ಇದೇ ಪ್ರಶ್ನೆಯನ್ನು ಹಾಕಬಹುದು. ಯಾರೂ ನೋಡದಿದ್ದರೂ ಈ ಪ್ರಬಂಧವನ್ನು ಬರೆಯುತ್ತಿದ್ದೆಯಾ ಎಂದು ಕೆಲವು ಉಪದೇಶಕರು ವಿದ್ಯಾರ್ಥಿಯನ್ನು ಕೇಳುತ್ತಾರೆ. ಅದು ತುಸು ಕ್ರೂರವಾದ ಪ್ರಶ್ನೆ ಎಂದು ನನಗನಿಸುತ್ತದೆ. ಇಪ್ಪತ್ತು ವರ್ಷದ ಮನಸ್ಸಿನಲ್ಲಿ ಕಲಿಯುವ ಆಸೆಯೂ ಹೊಗಳಿಕೆಯ ಆಸೆಯೂ ನೀರು ಹಾಲಿನಂತೆ ಬೆರೆತಿರುತ್ತವೆ. ಎರಡೂ ಒಂದೇ ದಾರಿಯಲ್ಲಿ ಸಾಗುವವರೆಗೆ ಅವುಗಳನ್ನು ಬೇರ್ಪಡಿಸಲು ಅವನಿಗಾಗಲೀ ನಿಮಗಾಗಲೀ ಸಾಧ್ಯವಿಲ್ಲ. ದಾರಿ ಕವಲೊಡೆದಾಗ ಮಾತ್ರ ತಿಳಿಯುತ್ತದೆ. ನಮ್ಮ ಜೀವಶಾಸ್ತ್ರದ ವಿದ್ಯಾರ್ಥಿನಿ ನಿಂತಿರುವುದು ಅಂಥ ಕವಲಿನಲ್ಲಿ.

ಅಂಥ ಕವಲುಗಳು ಕಡಿಮೆಯಾಗುವಂತೆ ಆನರ್ಸನ್ನು ರೂಪಿಸಲು ಸಾಧ್ಯವಿದೆ ಎಂಬುದಕ್ಕೂ ಅಮೇರಿಕದಲ್ಲೇ ನಿದರ್ಶನವಿದೆ. ಫಿಲಡೆಲ್ಫಿಯಾ ಬಳಿಯ ಸ್ವಾರ್ತ್‌ಮೋರ್ ಕಾಲೇಜು ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು 1864ರಲ್ಲಿ ಸ್ಥಾಪಿಸಿದ ಸಣ್ಣ ಸಂಸ್ಥೆ. 1921ರಲ್ಲಿ ಅದರ ಅಧ್ಯಕ್ಷರಾದ ಫ್ರಾಂಕ್ ಐಡೆಲಾಟ್ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಮರುವರ್ಷ ಅವರು ಆರಂಭಿಸಿದ ಆನರ್ಸ್ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಕೊನೆಯ ಎರಡು ವರ್ಷ ಸಣ್ಣ ಗುಂಪುಗಳಲ್ಲಿ ಕುಳಿತು, ಪ್ರಬಂಧ ಬರೆದು, ಅದನ್ನು ಚರ್ಚೆಗೆ ಒಡ್ಡುತ್ತಿದ್ದರು. ಕೊನೆಯಲ್ಲಿ ಅವರನ್ನು ಪರೀಕ್ಷಿಸುತ್ತಿದ್ದವರು ತಮ್ಮ ಅಧ್ಯಾಪಕರಲ್ಲ, ಹೊರಗಿನ ವಿದ್ವಾಂಸರು. ಬರವಣಿಗೆಯ ಪರೀಕ್ಷೆಯ ಜೊತೆಗೆ ಎದುರುಬದುರು ಕುಳಿತು ಉತ್ತರಿಸುವ ಪರೀಕ್ಷೆಯೂ ಇತ್ತು. ಹೊರಗಿನವರು ಬಂದು ಪರೀಕ್ಷಿಸುವ ಕ್ರಮ ಇಂದಿಗೂ ಅಲ್ಲಿ ಉಳಿದಿದೆ. ಇದರಿಂದ ಗುರು ಶಿಷ್ಯರ ಸಂಬಂಧವೇ ಬದಲಾಗುತ್ತದೆ. ಅಂಕ ಕೊಡುವ ಅಧಿಕಾರ ಇಲ್ಲದ ಅಧ್ಯಾಪಕರನ್ನು ಓಲೈಸಿ ಫಲವಿಲ್ಲ. ಅವರು ಶಿಷ್ಯನ ಜೊತೆಗೆ ನಿಂತು ಅದೇ ಕಷ್ಟವನ್ನು ಎದುರಿಸುತ್ತಾರೆ.

ಮದ್ರಸಾದಲ್ಲಿ ಓದಿದವರಿಗೆ ಇದನ್ನು ಕೇಳಿದಾಗ ಹಳೆಯ ಕಾಲದ ಇಜಾಝತ್ ನೆನಪಾಗದಿರದು. ಅಲ್ಲಿ ಸಾಕ್ಷ್ಯಪತ್ರ ಕೊಡುತ್ತಿದ್ದುದು ಕಟ್ಟಡವಲ್ಲ, ಉಸ್ತಾದರು. ಇಂಥವನು ನನ್ನ ಬಳಿ ಇಂಥ ಗ್ರಂಥವನ್ನು ಓದಿದ್ದಾನೆ, ಇದನ್ನು ಇತರರಿಗೆ ಕಲಿಸಬಹುದು ಎಂದು ತಮ್ಮ ಹೆಸರನ್ನು ಪಣಕ್ಕಿಟ್ಟು ಬರೆದುಕೊಡುತ್ತಿದ್ದರು. ಸ್ವಾರ್ತ್‌ಮೋರಿನಲ್ಲಿ ಗುರುವನ್ನು ತೀರ್ಪಿನಿಂದ ಹೊರಗಿಟ್ಟರು, ಇಜಾಝತಿನಲ್ಲಿ ಗುರುವೇ ತೀರ್ಪು. ಕ್ರಮ ತದ್ವಿರುದ್ಧ. ಆದರೆ ಎರಡರಲ್ಲೂ ಕೇಳಿದ ಪ್ರಶ್ನೆ ಒಂದೇ: ಇವನಿಗೆ ಏನು ಗೊತ್ತಿದೆ? ಎಷ್ಟು ಮಂದಿಗಿಂತ ಮುಂದಿದ್ದಾನೆ ಎಂದಲ್ಲ.

ನಮ್ಮ ಮನೆಗಳಲ್ಲಿ ನಾವು ಕೇಳುವ ಪ್ರಶ್ನೆ ಯಾವುದು? ಫಲಿತಾಂಶದ ದಿನ 'ಎಷ್ಟು ಬಂತು?' ಎಂದು ಕೇಳುತ್ತೇವೆ. ಮರುಪ್ರಶ್ನೆ 'ಅವನ ಮಗನಿಗೆ ಎಷ್ಟು?' ಹೊರದೇಶದಲ್ಲಿರುವ ಮಕ್ಕಳಿಗೂ ಫೋನಿನಲ್ಲಿ ಇದೇ ವಿಚಾರಣೆ. ಈ ಸೆಮಿಸ್ಟರಿನಲ್ಲಿ ಯಾವ ಪುಸ್ತಕ ನಿನ್ನ ನಿದ್ದೆ ಕೆಡಿಸಿತು ಎಂದು ಕೇಳಿದ ತಂದೆ ತಾಯಿ ಎಷ್ಟು ಮಂದಿ? ಕವಲಿನಲ್ಲಿ ನಿಂತ ಮಗಳು ಸುಲಭದ ಬಾಗಿಲು ತಟ್ಟಿದರೆ ಅದರ ಹೊಣೆ ಅವಳೊಬ್ಬಳದೇ ಅಲ್ಲ. ಆ ಬಾಗಿಲಿನ ಕಡೆಗೆ ಅವಳನ್ನು ತಿರುಗಿಸಿದವರು ಬಹಳ ಹಿಂದೆಯೇ, ಅವಳು ಮೂರನೆಯ ತರಗತಿಯಲ್ಲಿದ್ದಾಗಲೇ ಆ ಕೆಲಸವನ್ನು ಮಾಡಿ ಮುಗಿಸಿರುತ್ತಾರೆ.

ಅವಳಿಗೆ ಮೂರನೆಯ ದಾರಿಯೊಂದಿದೆ ಎಂದು ನೀವು ಹೇಳಬಹುದು. ಅಮೇರಿಕದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಒಂದೆರಡು ಪಾಠಗಳನ್ನು ಗ್ರೇಡ್ ಇಲ್ಲದೆ, ಪಾಸ್ ಅಥವಾ ಫೇಲ್ ಎಂಬ ಎಣಿಕೆಯಲ್ಲಿ ಮಾತ್ರ ತೆಗೆದುಕೊಳ್ಳಲು ಅವಕಾಶವಿದೆ. ಅದು ಸರಾಸರಿಗೆ ಸೇರುವುದಿಲ್ಲ. ಕಠಿಣ ಗಣಿತವನ್ನು ಹಾಗೆ ಕಲಿಯಲಿ, ತಪ್ಪೇನಿಲ್ಲ. ಆದರೆ ಹಲವೆಡೆ ಮುಖ್ಯ ವಿಷಯಕ್ಕೆ ಬೇಕಾದ ಪಾಠಗಳಿಗೆ ಆ ಸೌಲಭ್ಯ ಅನ್ವಯಿಸುವುದಿಲ್ಲ. ಅವಳ ಗಣಿತ ಅಂಥದ್ದೇ ಆಗಿದ್ದರೆ ಅವಳು ನಿಮಗೆ ಫೋನ್ ಮಾಡಿಯಾಳು. 'ಬಾಪಾ, ಇದನ್ನು ತೆಗೆದುಕೊಂಡರೆ ಆನರ್ಸ್ ತಪ್ಪಬಹುದು, ಆಗಬಹುದಾ?' ಎಂದು ಕೇಳಿಯಾಳು. ಅವಳಿಗೆ ಕೊಡುವ ಉತ್ತರವನ್ನು ಈಗಲೇ ಯೋಚಿಸಿಟ್ಟುಕೊಳ್ಳಿ. ಫೋನಿನಲ್ಲಿ ಒಂದು ಕ್ಷಣ ನೀವು ಸುಮ್ಮನಾದರೂ ಅವಳಿಗೆ ಅದು ಅರ್ಥವಾಗುತ್ತದೆ.