ಬಂಡವಾಳವಿಲ್ಲದ ಚಲನಚಿತ್ರವೂ ಅಚೌರ್ಯ ವಿಚಾರವೂ

2003ರಲ್ಲಿ ಅಮೆರಿಕದ ರಯಾನ್ ವೀಬರ್ ಮತ್ತು ಮೈಕೆಲ್ ಸ್ಕಾಟ್ ಎಂಬ ಇಬ್ಬರು ತರುಣ ಗೆಳೆಯರು ಕೆಲವೇ ನಿಮಿಷಗಳ ಒಂದು ಚಲನಚಿತ್ರವನ್ನು ತಯಾರಿಸಿದರು. ಅದರಲ್ಲಿ ಕಥೆಯೆಂಬುದು ಇಲ್ಲವೆಂದರೂ ಸಲ್ಲುತ್ತದೆ. ಇಬ್ಬರು ಬೆಳಕಿನ ಖಡ್ಗಗಳನ್ನು ಹಿಡಿದು ಕಾದಾಡುತ್ತಾರೆ, ಅಷ್ಟೇ. ಕಾದಾಡುವವರು ಆ ಗೆಳೆಯರೇ. ಚಿತ್ರದ ಹೆಸರು 'ರಯಾನ್ ವರ್ಸಸ್ ಡೋರ್ಕ್‌ಮನ್', ಅಂದರೆ ರಯಾನನಿಗೆ ಎದುರಾಗಿ ಡೋರ್ಕ್‌ಮನ್. ಎರಡನೆಯದು ಸ್ಕಾಟರ ಅಡ್ಡಹೆಸರು. ಚಿತ್ರದಲ್ಲಿರುವ ಬೆಳಕಿನ ಖಡ್ಗ ಮಾತ್ರ ಅವರದಲ್ಲ. ಅದು ಜಾರ್ಜ್ ಲೂಕಾಸ್ ಎಂಬ ನಿರ್ದೇಶಕನು 1977ರಲ್ಲಿ ತೆರೆಗೆ ತಂದ 'ಸ್ಟಾರ್ ವಾರ್ಸ್' ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರದ್ದು.

ಇಂತಹವುಗಳನ್ನು ಅಭಿಮಾನಿಚಿತ್ರಗಳೆಂದು ಕರೆಯುವುದು ರೂಢಿ. ಮೆಚ್ಚಿದ ಒಂದು ಕಥಾಲೋಕವನ್ನು ಎರವಲು ಪಡೆದು, ಕೈಯಿಂದ ಕಾಸು ಹೆಚ್ಚು ಬಿಚ್ಚದೆ, ಸ್ನೇಹಿತರೊಡನೆ ಸೇರಿ ಮಾಡುವ ಚಿತ್ರಗಳಿವು. ಟಿಕೆಟ್ಟು ಇಲ್ಲ, ಲಾಭವೂ ಇಲ್ಲ. ಲಾಭವಿಲ್ಲದ ಮೇಲೆ ಕಳವು ಎಲ್ಲಿಂದ ಬಂದಿತು ಎಂದು ತರುಣರು ಕೇಳುತ್ತಾರೆ. ಪ್ರಶ್ನೆ ಸರಳವಾಗಿ ತೋರಿದರೂ ಶ್ರಾವಕನಿಗೆ ಅದರ ಉತ್ತರ ಸರಳವಲ್ಲ. ಅಚೌರ್ಯಾಣುವ್ರತದ ವಿಚಾರದಲ್ಲಿ ಲಾಭನಷ್ಟದ ಮಾತು ಮೊದಲು ಬರುವುದಿಲ್ಲ. ಕೊಡದೆ ಇರುವುದನ್ನು ಪ್ರಮಾದಭಾವದಿಂದ ತೆಗೆದುಕೊಳ್ಳುವುದೇ ಚೌರ್ಯವೆಂದು ಉಮಾಸ್ವಾಮಿಗಳು ಲಕ್ಷಣ ಹೇಳಿದ್ದಾರೆ. ತೆಗೆದುಕೊಂಡವನು ಅದನ್ನು ಮಾರಿದನೋ ಸುಮ್ಮನೆ ಹಂಚಿದನೋ ಎಂಬುದು ಆ ಲಕ್ಷಣದಲ್ಲಿಲ್ಲ.

ಹಾಗೆಂದು ಮುಟ್ಟಿದ್ದೆಲ್ಲ ಕಳವು ಎನ್ನುವಂತೆಯೂ ಇಲ್ಲ. ಈ ತೊಡಕನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಹಳ ಸೊಗಸಾಗಿ ಬಿಡಿಸಿದ್ದಾರೆ. ಸಾಧುವು ಊರಿನಲ್ಲಿ ಸಂಚರಿಸುವಾಗ ಬೀದಿಯನ್ನೂ ಬಾಗಿಲನ್ನೂ ಯಾರ ಅಪ್ಪಣೆಯನ್ನೂ ಕೇಳದೆ ಹಾದುಹೋಗುತ್ತಾನಲ್ಲ, ಅದು ಅದತ್ತಾದಾನವಾಗದೇ ಎಂದು ಶಂಕೆಯೆತ್ತಿ, ಅವು ಎಲ್ಲರಿಗೂ ಸಾಮಾನ್ಯವಾಗಿ ತೆರೆದಿಟ್ಟವು, ಆದುದರಿಂದ ದೋಷವಿಲ್ಲವೆನ್ನುತ್ತಾರೆ. ಆದರೆ ಮುಚ್ಚಿದ ಬಾಗಿಲನ್ನು ಅದೇ ಸಾಧು ದಾಟುವುದಿಲ್ಲ. ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಈ ವಿವೇಚನೆ ಅಭಿಮಾನಿಚಿತ್ರಕ್ಕೆ ಹೊಂದುವಷ್ಟು ಚೆನ್ನಾಗಿ ಇಂದಿನ ನ್ಯಾಯಾಲಯಗಳ ಭಾಷೆಯೂ ಹೊಂದಲಾರದೇನೋ.

ಬಾಗಿಲು ತೆರೆದದ್ದುಂಟು. ಲೂಕಾಸರ ಸಂಸ್ಥೆಯೇ 2002ರಿಂದ ಅಭಿಮಾನಿಚಿತ್ರಗಳಿಗೆ ಅಧಿಕೃತ ಪ್ರಶಸ್ತಿಗಳನ್ನು ಕೊಡಲಾರಂಭಿಸಿತು. ಆದರೆ ಸ್ಪರ್ಧೆಗೆ ಆಗ ಪ್ರವೇಶವಿದ್ದುದು ವಿಡಂಬನೆಗಳಿಗೆ ಮತ್ತು ಸಾಕ್ಷ್ಯಚಿತ್ರಗಳಿಗೆ ಮಾತ್ರ. ವೀಬರ್ ಮತ್ತು ಸ್ಕಾಟರ ಕಾಳಗ ಈ ಎರಡರಲ್ಲಿ ಯಾವುದೂ ಅಲ್ಲ. ಅಂದರೆ ಅವರು ಪೂರ್ಣ ತೆರೆದ ಬಾಗಿಲಿನಿಂದ ಹೋದವರಲ್ಲ, ಮುಚ್ಚಿದ್ದನ್ನು ಒಡೆದವರೂ ಅಲ್ಲ. ಕಿರಾಣಿ ಅಂಗಡಿಯಲ್ಲಿ ಗಿರಾಕಿಯು ಮಾತನಾಡುತ್ತ ಮೂಟೆಯಿಂದ ನಾಲ್ಕು ಕಡಲೆಕಾಯಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಸಾಹುಕಾರನು ನೋಡಿಯೂ ಸುಮ್ಮನಿರುತ್ತಾನೆ. ಅದನ್ನು ದಾನವೆನ್ನಲಾಗದು, ಕಳವೆನ್ನಲೂ ನಾಲಗೆ ಏಳದು. ಅದೇ ಗಿರಾಕಿ ನಾಳೆ ಚೀಲ ತಂದು ತುಂಬಿಕೊಂಡರೆ ಸಾಹುಕಾರನು ಗದ್ದಿಗೆಯಿಂದ ಏಳುತ್ತಾನೆ.

ಚೀಲ ತಂದ ಪ್ರಸಂಗವೂ ನಡೆದಿದೆ. 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಮಾಲಿಕೆಯ ಲೋಕವನ್ನು ಆಧರಿಸಿ 2014ರಲ್ಲಿ 'ಪ್ರಿಲ್ಯೂಡ್ ಟು ಆಕ್ಸನಾರ್' ಎಂಬ ಅಭಿಮಾನಿಚಿತ್ರ ಹೊರಬಂದಿತು. ಅದರ ಮುಂದುವರಿಕೆಯಾಗಿ ದೊಡ್ಡ ಚಿತ್ರವನ್ನು ತೆಗೆಯುವೆವೆಂದು ತಯಾರಕರು ಅಭಿಮಾನಿಗಳಿಂದ ಸಂಗ್ರಹಿಸಿದ ಹಣ ಹತ್ತು ಲಕ್ಷ ಡಾಲರಿಗೂ ಮೀರಿತು. 2015ರ ಡಿಸೆಂಬರಿನಲ್ಲಿ ಹಕ್ಕುದಾರರಾದ ಪ್ಯಾರಾಮೌಂಟ್ ಮತ್ತು ಸಿಬಿಎಸ್ ಸಂಸ್ಥೆಗಳು ದಾವೆ ಹೂಡಿದವು. 2017ರ ಜನವರಿಯಲ್ಲಿ ನ್ಯಾಯಾಧೀಶರು ನ್ಯಾಯಯುತ ಬಳಕೆಯೆಂಬ ಸಮರ್ಥನೆಯನ್ನು ಒಪ್ಪಲಿಲ್ಲ. ಅದೇ ತಿಂಗಳು ರಾಜಿಯಾಯಿತು. ಇದರ ನಡುವೆ, 2016ರ ಜೂನಿನಲ್ಲಿ, ಹಕ್ಕುದಾರರು ನಿಯಮಗಳನ್ನು ಪ್ರಕಟಿಸಿದರು. ಒಂದು ಚಿತ್ರ ಹದಿನೈದು ನಿಮಿಷ ಮೀರಬಾರದು, ಎರಡು ಭಾಗವಾದರೂ ಒಟ್ಟು ಮೂವತ್ತು ನಿಮಿಷ, ಸಂಗ್ರಹ 50,000 ಡಾಲರಿನೊಳಗೆ, ಭಾಗವಹಿಸುವವರಿಗೆ ಸಂಬಳವಿಲ್ಲ. ಅಳೆದು ತೂಗಿ ಬಾಗಿಲನ್ನು ಅರ್ಧ ತೆರೆದಂತಾಯಿತು. ಅಂಗಡಿಯವರು ಮೊದಲೇ ಈ ಫಲಕ ತೂಗುಹಾಕಿದ್ದರೆ ಎರಡೂ ಕಡೆಯವರ ವಕೀಲರ ಖರ್ಚು ಉಳಿಯುತ್ತಿತ್ತು ಎಂದು ಯಾವ ವ್ಯಾಪಾರಿಗಾದರೂ ತೋಚದೆ ಇರದು.

ಇಲ್ಲಿ ಪ್ರತಿವಾದವೊಂದಿದೆ, ಅದು ಬಲವಾದದ್ದೇ. ಕಥೆಯೆಂಬುದು ಧಾನ್ಯವಲ್ಲ, ತೆಗೆದಷ್ಟೂ ಕಡಿಮೆಯಾಗುವುದಿಲ್ಲ. ಪಂಪನು 941ರಲ್ಲಿ ಆದಿಪುರಾಣವನ್ನು ರಚಿಸಿದಾಗ ಜಿನಸೇನಾಚಾರ್ಯರ ಪೂರ್ವಪುರಾಣವೇ ಅವನಿಗೆ ಆಧಾರವಾಗಿತ್ತು. ಲೂಕಾಸರೂ ಜಪಾನಿನ ಕುರೊಸಾವಾ 1958ರಲ್ಲಿ ತೆಗೆದ 'ದಿ ಹಿಡನ್ ಫೋರ್ಟ್ರೆಸ್' ಚಿತ್ರದ ಋಣವನ್ನು ಒಪ್ಪಿಕೊಂಡವರೇ. ಸಾಲಗಾರನು ಮತ್ತೊಬ್ಬ ಸಾಲಗಾರನನ್ನು ಕಳ್ಳನೆನ್ನಬಹುದೇ? ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಪಂಪನ ಕಾವ್ಯವನ್ನು ಕೇಳಿದವರಾರೂ ಅದನ್ನು ಜಿನಸೇನರ ಗ್ರಂಥವೆಂದು ಭ್ರಮಿಸಿರಲಾರರು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಡೆಯದು ಪ್ರತಿರೂಪಕ ವ್ಯವಹಾರ, ಎಂದರೆ ನಕಲನ್ನು ಅಸಲಿನ ಹೆಸರಿನಲ್ಲಿ ಚಲಾಯಿಸುವುದು. ತುಪ್ಪಕ್ಕೆ ಬೇರೆ ಕೊಬ್ಬು ಬೆರೆಸುವವನಿಗೆ ಅನ್ವಯಿಸುವ ಈ ಮಾತು ಚಿತ್ರಕ್ಕೂ ಅನ್ವಯಿಸುತ್ತದೆ. ಅಭಿಮಾನಿಯು ತನ್ನ ಸರಕಿನ ಮೇಲೆ ತನ್ನದೇ ಚೀಟಿ ಅಂಟಿಸಿದ್ದಾನೆಯೇ ಎಂಬುದು ಪ್ರಶ್ನೆ. ಫಿನ್‌ಲೆಂಡಿನ ಸಮುಲಿ ಟೋರ್ಸೊನೆನ್ ಎಂಬಾತನು ಗೆಳೆಯರೊಡನೆ ಮಾಡಿದ 'ಸ್ಟಾರ್ ರೆಕ್' ಚಿತ್ರಮಾಲೆಯಲ್ಲಿ ಕರ್ಕ್ ಎಂಬ ಪ್ರಸಿದ್ಧ ನಾಯಕನ ಹೆಸರು ಪಿರ್ಕ್ ಎಂದಾಗಿದೆ. ಇದು ಅಸಲಲ್ಲವೆಂದು ಮೊದಲ ಅಕ್ಷರವೇ ನಗುತ್ತ ಹೇಳಿಬಿಡುತ್ತದೆ.

ಇಷ್ಟಾದರೂ ವಿಚಾರ ಅರ್ಧ ಮಾತ್ರ ಆಯಿತು. ಸಾಮಾನ್ಯವಾಗಿ ಚರ್ಚೆ ನಡೆಯುವುದೆಲ್ಲ ದೂರದ ಶ್ರೀಮಂತ ಸಂಸ್ಥೆಯಿಂದ ತೆಗೆದುಕೊಂಡದ್ದರ ಬಗ್ಗೆ. ಪಕ್ಕದಲ್ಲೇ ನಿಂತಿರುವ ಗೆಳೆಯನಿಂದ ತೆಗೆದುಕೊಂಡದ್ದರ ಬಗ್ಗೆ ಯಾರೂ ಕೇಳುವುದಿಲ್ಲ.

ಬೆಳಕಿನ ಖಡ್ಗದ ಲೆಕ್ಕವನ್ನೇ ನೋಡಬಹುದು. ನಟರು ಹಿಡಿಯುವುದು ಬರಿಯ ಕೋಲು. ಚಿತ್ರೀಕರಣವಾದ ಮೇಲೆ ಒಂದೊಂದು ಚೌಕಟ್ಟಿನಲ್ಲೂ ಕೋಲಿನ ಮೇಲೆ ಗಣಕದಲ್ಲಿ ಕೈಯಿಂದಲೇ ಗೆರೆ ಎಳೆದು, ಒಳಗೆ ಬಿಳುಪು, ಅಂಚಿಗೆ ಬಣ್ಣದ ಹೊಳಪು ತುಂಬಬೇಕು. ಸೆಕೆಂಡಿಗೆ 24 ಚೌಕಟ್ಟುಗಳೆಂದರೆ ಒಂದು ನಿಮಿಷಕ್ಕೆ 1,440. ಖಡ್ಗಗಳು ಎರಡು, ಆದ್ದರಿಂದ 2,880. ಒಂದೊಂದಕ್ಕೆ ಒಂದು ನಿಮಿಷ ಹಿಡಿದರೂ 48 ಗಂಟೆ, ದಿನಕ್ಕೆ ಎಂಟು ಗಂಟೆಯಂತೆ ಆರು ದಿನ. ತೆರೆಯ ಮೇಲಿನ ಒಂದು ನಿಮಿಷಕ್ಕೆ ಒಬ್ಬ ಮನುಷ್ಯನ ಒಂದು ವಾರ. ವೆಚ್ಚವೇ ಇಲ್ಲದ ಚಿತ್ರವೆಂದು ಹೇಳುವಾಗ ಈ ವಾರ ಯಾವ ಖಾತೆಗೆ ಹೋಯಿತು? ಲೆಕ್ಕಶಾಸ್ತ್ರದಲ್ಲಿ ಜಮೆಯಿಲ್ಲದ ಖರ್ಚಿಲ್ಲ. ಚಿತ್ರ ಶೂನ್ಯದಿಂದ ಹುಟ್ಟಿತೆಂದರೆ ಯಾರದೋ ಜಮೆಯನ್ನು ಬರೆಯದೆ ಬಿಟ್ಟಿದ್ದಾರೆಂದೇ ಅರ್ಥ. ಬಸದಿಗಳ ಟ್ರಸ್ಟುಗಳಿಗೂ ಇದು ಹೊಸತಲ್ಲ. ಪೂಜೆಗೆ ಸಾವಿರ ರೂಪಾಯಿ ಕೊಟ್ಟವರ ಹೆಸರು ಕಲ್ಲಿನಲ್ಲಿರುತ್ತದೆ, ಹತ್ತು ದಿನ ಪಾತ್ರೆ ತೊಳೆದವರ ಹೆಸರು ರಸೀತಿ ಪುಸ್ತಕದಲ್ಲೂ ಇರುವುದಿಲ್ಲ.

ಫಿನ್‌ಲೆಂಡಿನವರ 'ಸ್ಟಾರ್ ರೆಕ್: ಇನ್ ದಿ ಪಿರ್ಕಿನಿಂಗ್' ತಯಾರಾಗಲು ಏಳು ವರ್ಷ ಹಿಡಿಯಿತು. 1992ರಲ್ಲಿ ಹುಡುಗಾಟದಂತೆ ಆರಂಭವಾದ ಮಾಲಿಕೆಯ ಈ ಚಿತ್ರ 2005ರಲ್ಲಿ ಹೊರಬಂದಾಗ ಒಂದು ಗಂಟೆ ನಲವತ್ತು ನಿಮಿಷಕ್ಕೂ ಮಿಕ್ಕಿತ್ತು. ನಿರ್ದೇಶಕ ಟಿಮೊ ವುವೊರೆನ್‌ಸೊಲಾ. ಆಕಾಶನೌಕೆಗಳ ದೃಶ್ಯಗಳು ಸಿದ್ಧವಾದದ್ದು ಟೋರ್ಸೊನೆನ್ನರ ಪುಟ್ಟ ಮನೆಯ ಅಡಿಗೆಕೋಣೆಯಲ್ಲಿ ಸಾಲಾಗಿ ಇಟ್ಟ ಗಣಕಗಳಲ್ಲಿ. ಚಿತ್ರವನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ಹಂಚಲು ಬಿಟ್ಟರು. ಪುಣ್ಯದ ಕೆಲಸ. ಅನಂತರ ಅದರ ಪರಿಷ್ಕೃತ ರೂಪ ಡಿವಿಡಿಯಾಗಿ ಮಾರಾಟಕ್ಕೂ ಬಂದಿತು. ಇಂತಹ ತಿರುವಿನಲ್ಲಿಯೇ ಸ್ನೇಹಕ್ಕೆ ಪರೀಕ್ಷೆ. ಏಳು ವರ್ಷ ಸ್ನೇಹಕ್ಕಾಗಿ ದುಡಿದವರು ಕೊಟ್ಟದ್ದು ಉಚಿತ ಚಿತ್ರಕ್ಕೋ, ಮುಂದೆ ಮಾರಬಹುದಾದ ಚಿತ್ರಕ್ಕೋ? ಗೆಳೆಯನು ಆಟಕ್ಕೆಂದು ಕೊಟ್ಟದ್ದನ್ನು ಕೇಳದೆ ವ್ಯಾಪಾರಕ್ಕೆ ಹಚ್ಚಿದರೆ ಆ ಕ್ಷಣಕ್ಕೆ ಅದು ಅದತ್ತವೇ ಆಗುತ್ತದೆ. ಹಕ್ಕುದಾರ ಸಂಸ್ಥೆಗೆ ವಕೀಲರಿದ್ದಾರೆ. ಗೆಳೆಯನಿಗೆ ಇರುವುದು ದಾಕ್ಷಿಣ್ಯ ಮಾತ್ರ, ಅದು ಬಾಯಿ ಬಿಡದು. ಆದುದರಿಂದ ಇಂತಹ ಕೆಲಸಕ್ಕೆ ಕೈಹಾಕುವ ಇಬ್ಬರು ಮೊದಲ ದಿನವೇ ಅರ್ಧ ಹಾಳೆಯಷ್ಟಾದರೂ ಬರೆದಿಟ್ಟುಕೊಳ್ಳುವುದು ಸ್ನೇಹಕ್ಕೆ ಅವಮಾನವಲ್ಲ.

ಕಾಳಗದ ಚಿತ್ರವೆಂದಮೇಲೆ ಅಹಿಂಸೆಯ ಮಾತೂ ಏಳುತ್ತದೆ. ಜನ್ನನ ಯಶೋಧರಚರಿತೆಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯ ನೆನಪಾಗದಿರದು. ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು, ಅದಕ್ಕಾಗಿ ತಾಯಿಮಗ ಜನ್ಮಜನ್ಮಾಂತರ ಅಲೆದರು. ಹಾಗಾದರೆ ಕೋಲಿನ ಖಡ್ಗ? ಅದನ್ನು ನೋಡಿ ಕೆರಳುವ ಬಾಲಕನ ಭಾವ ಏನೆಂಬುದು ತಂದೆತಾಯಿಗಳು ಯೋಚಿಸಬೇಕಾದ ವಿಷಯ. ಆಡುವವರ ಮಟ್ಟಿಗಂತೂ ಸಂಕಲ್ಪ ತಿರುಗುಮುರುಗಾಗಿದೆ. ಅಂತಹ ಕಾಳಗದ ಪ್ರತಿಯೊಂದು ಹೊಡೆತವನ್ನೂ ಮೊದಲೇ ಮಾತಾಡಿಕೊಂಡು, ನಿಧಾನವಾಗಿ ಅಭ್ಯಾಸಮಾಡಿ, ಆಮೇಲೆ ವೇಗ ಹೆಚ್ಚಿಸಬೇಕು. ಕೋಲು ಬೀಸುವವನ ಗಮನವೆಲ್ಲ ಎದುರಿನವನ ಬೆರಳಿಗೆ ತಗಲದಂತೆ ನೋಡಿಕೊಳ್ಳುವುದರಲ್ಲಿ.

ವೀಬರ್ ಮತ್ತು ಸ್ಕಾಟ್ 2007ರಲ್ಲಿ ಎರಡನೆಯ ಕಾಳಗವನ್ನು ಹೊರತಂದರು. ಮೊದಲನೆಯದಕ್ಕಿಂತ ಎಷ್ಟೋ ಪಾಲು ಪಳಗಿದ ಕೆಲಸವದು. ಶೀರ್ಷಿಕೆ ಮಾತ್ರ ಬದಲಾಗಲಿಲ್ಲ, ಕೊನೆಗೆ 2 ಎಂಬ ಅಂಕಿಯೊಂದು ಸೇರಿತು. ಇಬ್ಬರ ಹೆಸರೂ ಹಿಂದಿನಂತೆ ಎದುರುಬದುರಾಗಿಯೇ ಇದ್ದವು.