ಶಾಸ್ತ್ರವಾಕ್ಯವೂ ಸೂರ್ಯನ ಹಾದಿಯೂ

ಧರ್ಮಗ್ರಂಥದ ಮಾತಿಗೂ ವಿಜ್ಞಾನದ ನಿರ್ಣಯಕ್ಕೂ ವಿರೋಧ ಬಂದಾಗ ಶ್ರದ್ಧಾವಂತನು ಯಾವುದನ್ನು ಹಿಡಿಯಬೇಕು? ನಮ್ಮಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದಿದೆ: ವಿರೋಧವೇ ಇಲ್ಲ, ವಿಜ್ಞಾನ ಇಂದು ಕಂಡದ್ದನ್ನು ನಮ್ಮ ಹಿರಿಯರು ಅಂದೇ ಹೇಳಿದ್ದರು. ಕಿವಿಗೆ ಹಿತವಾದ ಈ ಮಾತು ಪ್ರಶ್ನೆಯನ್ನು ಬಿಡಿಸುವುದಿಲ್ಲ, ಮುಚ್ಚಿಡುತ್ತದೆ. ಗ್ರಂಥವನ್ನೇ ಪ್ರಾಣವೆಂದು ಕಾಪಾಡಿಕೊಂಡು ಬಂದ ಯೆಹೂದ್ಯರು ಇದನ್ನು ಎದುರಿಸಿದ ಬಗೆ ಆದುದರಿಂದ ವಿಚಾರಾರ್ಹವಾಗಿದೆ.

ಅವರ ತಾಲ್ಮುದ್ ಎಂಬ ಮಹಾಗ್ರಂಥದಲ್ಲಿ ಸೂರ್ಯನನ್ನು ಕುರಿತ ಒಂದು ವಾದವಿದೆ. ರಾತ್ರಿಯಲ್ಲಿ ಸೂರ್ಯನು ಆಕಾಶದ ಮುಚ್ಚಳದ ಮೇಲ್ಗಡೆ ಸಂಚರಿಸುತ್ತಾನೆಂಬುದು ಇಸ್ರೇಲಿನ ಜ್ಞಾನಿಗಳ ಮತ. ಭೂಮಿಯ ಕೆಳಗೆ ಸಾಗುತ್ತಾನೆಂಬುದು ಅನ್ಯಜನಾಂಗದ ಜ್ಞಾನಿಗಳ ಮತ. ಮಿಶ್ನಾ ಎಂಬ ಧರ್ಮಸಂಹಿತೆಯನ್ನು ಸಂಕಲಿಸಿದ ರಬ್ಬಿ ಯೆಹೂದಾ ಅವರು ಅನ್ಯರ ಮಾತೇ ಹೆಚ್ಚು ಸರಿಯಾಗಿ ತೋರುತ್ತದೆಂದು ಒಪ್ಪಿದರು. ಬುಗ್ಗೆಯ ನೀರು ಹಗಲು ತಣ್ಣಗೆ, ರಾತ್ರಿ ಬೆಚ್ಚಗೆ ಇರುವುದು ಅವರು ಕೊಟ್ಟ ಕಾರಣ. ಆ ಕಾರಣ ಇಂದು ನಿಲ್ಲದು. ಚಳಿಗಾಲದ ಮುಂಜಾವದಲ್ಲಿ ಬಾವಿಯ ನೀರು ಏಕೆ ಬೆಚ್ಚಗೆನಿಸುತ್ತದೆಂಬುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಆದರೆ ತಮ್ಮವರ ವಾದ ಸೋತಿತೆಂಬುದನ್ನು ತಮ್ಮ ಪವಿತ್ರ ಗ್ರಂಥದಲ್ಲಿಯೇ ಬರೆದಿಟ್ಟು, ತಲೆಮಾರುಗಳು ಅದನ್ನು ಅಧ್ಯಯನ ಮಾಡುವಂತೆ ಬಿಟ್ಟದ್ದು ಸಾಮಾನ್ಯ ಸಂಗತಿಯಲ್ಲ.

12ನೆಯ ಶತಮಾನದ ಮೈಮೊನಿಡಿಸ್ ದಾರ್ಶನಿಕನೂ ವೈದ್ಯನೂ ಆಗಿದ್ದವನು. ಜಗತ್ತು ಅನಾದಿಯೆಂಬ ಅರಿಸ್ಟಾಟಲನ ಮತವನ್ನು ಅವನು ಒಪ್ಪಲಿಲ್ಲ. ಗ್ರಂಥದಲ್ಲಿ ಸೃಷ್ಟಿಯ ಮಾತಿದೆಯೆಂಬುದಷ್ಟೇ ಕಾರಣವಲ್ಲ, ಆ ಮತ ಸಿದ್ಧವಾಗಿಲ್ಲವೆಂಬುದು ಕಾರಣ. ಸಿದ್ಧವಾಗಿದ್ದರೆ, ದೇವರಿಗೆ ಕೈಕಾಲುಗಳನ್ನು ಹೇಳುವ ವಾಕ್ಯಗಳಿಗೆ ಬೇರೆ ಅರ್ಥ ಮಾಡಿದಂತೆ ಇಲ್ಲಿಯೂ ಮಾಡಬಹುದಿತ್ತೆಂದು ಅವನು ಬರೆದನು.

ಆ ಪರಂಪರೆಯಲ್ಲಿಯೂ ಬಾಗಿಲು ಸದಾ ತೆರೆದಿರಲಿಲ್ಲ. ಯೆಹೂದ್ಯ ಪಂಚಾಂಗ ಸೃಷ್ಟಿಯಿಂದ ಎಣಿಸುವ ವರ್ಷ ಇನ್ನೂ 6000ವನ್ನು ಮುಟ್ಟಿಲ್ಲ. ವಿಜ್ಞಾನ ಹೇಳುವ ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ವಿಶ್ವ ಪ್ರಾಚೀನವೆಂದೂ, ನಿಸರ್ಗದ ವಿಷಯದಲ್ಲಿ ಪ್ರಾಚೀನ ಜ್ಞಾನಿಗಳು ತಪ್ಪಿರಬಹುದೆಂದೂ ಬರೆದ ರಬ್ಬಿ ನಾತಾನ್ ಸ್ಲಿಫ್ಕಿನ್ ಅವರ ಪುಸ್ತಕಗಳಿಗೆ 2004-05ರಲ್ಲಿ ಹಲವು ಹಿರಿಯ ರಬ್ಬಿಗಳು ನಿಷೇಧ ಹಾಕಿದರು.

ಅದೇ 2005ರಲ್ಲಿ ದಲೈ ಲಾಮಾ ಅವರು ತಮ್ಮ ಗ್ರಂಥವೊಂದರಲ್ಲಿ, ಬೌದ್ಧಮತದ ಯಾವುದೇ ಹೇಳಿಕೆ ತಪ್ಪೆಂದು ವಿಜ್ಞಾನ ಖಚಿತವಾಗಿ ಸಾಧಿಸಿದರೆ ಆ ಹೇಳಿಕೆಯನ್ನೇ ಬಿಡಬೇಕೆಂದು ಬರೆದರು. ಮೇರುಪರ್ವತವನ್ನು ನಡುವೆ ನಿಲ್ಲಿಸಿದ ಹಳೆಯ ಭೂಗೋಳವನ್ನು ಅವರು ಬಿಟ್ಟರು. ಈ ಮಾತಿನ ಪರಿಣಾಮವನ್ನು ಕಾಣಲು ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ. ಹುಣಸೂರಿನಿಂದ ಮಡಿಕೇರಿಯ ದಾರಿ ಹಿಡಿದರೆ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸೆರಾ ವಿಹಾರವಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ 2014ರಲ್ಲಿ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನಗಳು ಅಲ್ಲಿಯ ಭಿಕ್ಷುಗಳ ಪಾಠಕ್ರಮವನ್ನು ಸೇರಿದವು.

ಇಲ್ಲಿ ಸೂಕ್ಷ್ಮವಾದ ಒಂದು ತೊಡಕಿದೆ. ವಿಜ್ಞಾನ ಕಾಣದಿರುವುದು ಬೇರೆ, ಇಲ್ಲವೆಂದು ಕಂಡುಕೊಂಡದ್ದು ಬೇರೆ ಎಂದು ದಲೈ ಲಾಮಾ ಹೇಳುತ್ತಾರೆ. ಪುನರ್ಜನ್ಮವನ್ನು ಮೊದಲನೆಯದರಲ್ಲಿ ಸೇರಿಸುತ್ತಾರೆ. ಮೈಮೊನಿಡಿಸನ ನಿಲುವೂ ಇದೇ ಜಾತಿಯದು. ಈ ಭೇದ ತರ್ಕಶುದ್ಧವಾದುದು. ಆದರೆ ಯಾವುದು ಸಿದ್ಧವಾಯಿತು, ಯಾವುದು ಇನ್ನೂ ಆಗಿಲ್ಲವೆಂದು ತೀರ್ಮಾನಿಸುವ ಅಧಿಕಾರ ನಂಬಿದವನ ಕೈಯಲ್ಲಿಯೇ ಉಳಿದರೆ, ಯಾವ ಮೂಢನಂಬಿಕೆಯಾದರೂ ಇದರ ನೆರಳಿನಲ್ಲಿ ಸುಖವಾಗಿ ಮಲಗಬಹುದು. ಪಂಚಾಂಗವನ್ನೂ ಗ್ರಹಣವನ್ನೂ ಕುರಿತ ನಮ್ಮ ಅನೇಕ ಸಮರ್ಥನೆಗಳು ಅಲ್ಲಿಯೇ ಮಲಗಿವೆ.

ಆ ನಿದ್ರೆಯನ್ನು ಕೆಡಿಸುವುದು ಎದುರು ಪ್ರಶ್ನೆಯೊಂದೇ. ರಬ್ಬಿ ಯೆಹೂದಾ ಅವರ ಮುಂದೆ ಎದುರು ಪಕ್ಷವಿತ್ತು. ನಿಷೇಧ ಹಾಕಿದವರು ಅದನ್ನು ಹೊರಗಟ್ಟಿದರು. ಸೆರಾದ ವಾದಾಂಗಣದಲ್ಲಿ ಉತ್ತರ ಕೊಡುವವನು ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತು ಕೈ ತಟ್ಟಿ ಕೇಳುತ್ತಾನೆ. ನರವಿಜ್ಞಾನವನ್ನು ಓದಿದ ಭಿಕ್ಷುವೊಬ್ಬನು ಅಲ್ಲಿ ಪುನರ್ಜನ್ಮವನ್ನೇ ಕುರಿತು ಕೈ ತಟ್ಟಿದರೆ, ಕುಳಿತವನು ಅವನಿಗೆ ಪೂರ್ತಿಯಾಗಿ ಕೇಳಲು ಬಿಡುವನೇ?